ಗಾಡಿ ಮಾರುವಾಗ ಮೇಲಿನ ಸೋಲಾರ್ ಬಿಡಬೇಕಾ, ಬಿಚ್ಚಬೇಕಾ? ಸುಮಾರು ಆರು ವರ್ಷ ಬಳಸಿದ ನನ್ನ ಅನುಭವ

ಮೊದಲು ಗಾಡಿ ಯಾವುದು ಅಂತ ಹೇಳಿಬಿಡುತ್ತೇನೆ. ಹಳೇ ಟೆಂಪೋ ಟ್ರಾವೆಲರ್. ಸೆಕೆಂಡ್ ಹ್ಯಾಂಡ್ ತಗೊಂಡು, ಹುಬ್ಬಳ್ಳಿಯ ಗೋಕುಲ ರೋಡಿನ ಕಡೆ ಒಂದು ಬಾಡಿ ಕಟ್ಟುವ ಶೆಡ್‌ನಲ್ಲಿ ಸೀಟು ಕೀಳಿಸಿ, ಮಂಚ, ಸಣ್ಣ ಅಡುಗೆ ಕಟ್ಟೆ, ಬ್ಯಾಟರಿಯಿಂದಲೇ ಓಡುವ 40 ಲೀಟರಿನ ಡಿಸಿ ಫ್ರಿಜ್ ಕೂರಿಸಿ ಕ್ಯಾಂಪರ್ ಮಾಡಿಸಿದ್ದೆ. ಆರ್‌ಸಿ ಬದಲಾಯಿಸೋಕೆ ಆರ್‌ಟಿಓಗೆ ಓಡಾಡಿದ್ದು ಬೇರೆಯೇ ಕಥೆ, ಅದು ಇಲ್ಲಿ ಬೇಡ. ತಲೆ ಮೇಲೆ 165 ವ್ಯಾಟಿನ ಎರಡು ಮೋನೋ ಪ್ಯಾನಲ್, ಪ್ಯಾನಲ್‌ನ ಕರೆಂಟನ್ನು ಹದ ಮಾಡಿ ಬ್ಯಾಟರಿಗೆ ತುಂಬುವ ಒಂದು ಎಂಪಿಪಿಟಿ ಕಂಟ್ರೋಲರ್. ಹಾಕಿಸಿದ್ದು 2020ರ ಜನವರಿ. ಎರಡು ತಿಂಗಳಿಗೇ ಲಾಕ್‌ಡೌನ್ ಬಂತು. ಮೊದಲ ಟ್ರಿಪ್ಪು ನಮ್ಮ ಮನೆಯ ಗೇಟಿನ ಒಳಗೇ ಆಯಿತು.

2025ರ ನವೆಂಬರ್‌ನಲ್ಲಿ ಗಾಡಿ ಕೊಟ್ಟುಬಿಟ್ಟೆ. ಅದಕ್ಕೂ ಮುಂಚೆ ಎರಡು ತಿಂಗಳು ತಲೆ ತಿಂದಿದ್ದು ಇದೇ ಪ್ರಶ್ನೆ: ಪ್ಯಾನಲ್ ಬಿಚ್ಚಿಕೊಳ್ಳಲಾ, ಗಾಡಿ ಜೊತೆಗೇ ಬಿಡಲಾ?

ಮೊದಲು ಕೆಲಸ ಹೇಗೆ ಮಾಡಿತು ಅಂತ ನೋಡೋಣ. 330 ವ್ಯಾಟ್ ಅಂತ ಬರೆದಿದ್ದರೂ ಮೀಟರ್‌ನಲ್ಲಿ 330 ಕಂಡಿದ್ದು ಒಂದು ದಿನವೂ ಇಲ್ಲ. 260-270 ಬಂದರೆ ಆವತ್ತು ಹಬ್ಬ. ನಮ್ಮ ಊರಲ್ಲಿ ಮೇ ಮೊದಲ ವಾರ ಮಧ್ಯಾಹ್ನ ನೆರಳು ಕಾಲ ಬುಡಕ್ಕೇ ಬೀಳುತ್ತೆ, ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಹಾಗಾದರೆ ಆಗಲೇ ಜಾಸ್ತಿ ಬರಬೇಕು ಅಲ್ವಾ? ಬರಲ್ಲ. ಪ್ಯಾನಲ್‌ಗೆ ಬೆಳಕು ಬೇಕು, ಸೆಕೆ ಬೇಡ. 25 ಡಿಗ್ರಿಗಿಂತ ಮೇಲೆ ಬಿಸಿ ಏರಿದಂತೆ ಡಿಗ್ರಿಗೆ ಸುಮಾರು 0.4 ಪರ್ಸೆಂಟ್ ಕಳೆದುಹೋಗುತ್ತೆ. ತಗಡಿನ ಮೇಲೆ ಕೂತ ಪ್ಯಾನಲ್ 60 ಡಿಗ್ರಿ ದಾಟೋದು ಸಾಮಾನ್ಯ. ನನಗೆ ಒಳ್ಳೇ ತಿಂಗಳು ಅಂದರೆ ಫೆಬ್ರವರಿ, ಮಾರ್ಚ್. ದಿನಕ್ಕೆ ಒಂದು ಯೂನಿಟ್ಟಿನ ಮೇಲೆ ಆರಾಮಾಗಿ ಬರುತ್ತಿತ್ತು. ಫ್ರಿಜ್, ಎರಡು ಫ್ಯಾನು, ಲೈಟು, ನೀರಿನ ಪಂಪು, ಲ್ಯಾಪ್‌ಟಾಪ್, ಎಲ್ಲಕ್ಕೂ ಸಾಕು. ಇಂಡಕ್ಷನ್ ಒಲೆ, ಎಸಿ ಕನಸು ಕಾಣಬೇಡಿ. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಮೂರರಲ್ಲಿ ಒಂದು ಪಾಲೂ ಇಲ್ಲ. ಫ್ರಿಜ್ ಆಫ್ ಮಾಡಿ ಹಾಲು ದಿನಾ ತರಬೇಕು.

ಈ ಪ್ಯಾನಲ್‌ನ ಬೆಲೆ ನನಗೆ ಗೊತ್ತಾಗಿದ್ದು ಮಾಗಡಿ ಕೆರೆಯಲ್ಲಿ. ಗದಗ ಜಿಲ್ಲೆ, ಶಿರಹಟ್ಟಿ ಹತ್ತಿರದ ಕೆರೆ. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವಲ್ಲ, ಅದೇ. 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿತು. ಅಲ್ಲಿ ಹತ್ತಿರದ ಒಬ್ಬರ ಹೊಲದಲ್ಲಿ ಅವರನ್ನು ಕೇಳಿ ಗಾಡಿ ನಿಲ್ಲಿಸಿ ಮೂರು ರಾತ್ರಿ ಇದ್ದೆವು. ಇಂಜಿನ್ ಚಾಲೂ ಮಾಡಲಿಲ್ಲ, ಜನರೇಟರ್ ಗುರ್ ಅನ್ನಲಿಲ್ಲ. ಬೆಳಿಗ್ಗೆ ಹಕ್ಕಿಗಳ ಗದ್ದಲ ಬಿಟ್ಟರೆ ಬೇರೆ ಸದ್ದಿಲ್ಲ.

ಮೂರನೇ ದಿನ ಬಿಸಿಲು ಚೆನ್ನಾಗಿದ್ದರೂ ಕರೆಂಟು ಅರ್ಧಕ್ಕರ್ಧ ಇಳಿಯಿತು. ಮೇಲೆ ಹತ್ತಿ ನೋಡಿದರೆ ಒಂದು ಪ್ಯಾನಲ್‌ನ ಮೂಲೆಯಲ್ಲಿ ಅಂಗೈಯಗಲ ಹಕ್ಕಿ ಹಿಕ್ಕೆ, ಒಣಗಿ ಸುಣ್ಣದ ಹಾಗೆ ಅಂಟಿತ್ತು. ಇಷ್ಟೇ ಇಷ್ಟು ಜಾಗ ಮುಚ್ಚಿದ್ದಕ್ಕೆ ಅಷ್ಟು ಹೋಗುತ್ತಾ ಅಂತ ಆಶ್ಚರ್ಯ. ಒಳಗಿನ ಸೆಲ್‌ಗಳೆಲ್ಲ ಸರಪಳಿ ಥರ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ. ಒಂದು ಕೊಂಡಿ ಸಡಿಲಾದರೆ ಆ ಸಾಲೇ ಕೂತುಬಿಡುತ್ತೆ. ಆವತ್ತಿನಿಂದ ಉದ್ದ ಕೋಲಿನ ಬ್ರಶ್ ಒಂದು ಗಾಡಿಯಲ್ಲಿ ಕಾಯಂ ಆಯಿತು. ನಮ್ಮ ಕಡೆ ಎರೆ ಮಣ್ಣಿನ ಧೂಳೂ ಕಡಿಮೆಯೇನಲ್ಲ.

ಕೆಟ್ಟಿದ್ದು ಅಂದರೆ ಒಂದೇ ಸಲ. ಬಂಕಾಪುರ ಕೋಟೆಯಲ್ಲಿ ನವಿಲು ನೋಡೋಕೆ ಹೋದಾಗ. ಒಳಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಹುಡುಕಿದರೆ ಎರಡು ವೈರು ಕೂಡಿಸುವ ಎಂಸಿ4 ಕನೆಕ್ಟರ್ ಕರಗಿ ಬೆಲ್ಲದ ಪಾಕದ ಥರ ಜೋತಿತ್ತು. ಫಿಟ್ ಮಾಡಿದವನು ಕ್ರಿಂಪಿಂಗ್ ಇಕ್ಕಳದ ಬದಲು ಮಾಮೂಲಿ ಕಟ್ಟಿಂಗ್ ಪ್ಲೇಯರ್‌ನಲ್ಲಿ ಒತ್ತಿದ್ದ. ಸಡಿಲ ಇದ್ದ ಕಡೆ ಬಿಸಿಯಾಗಿ ಸುಟ್ಟಿದೆ. ಐವತ್ತು ರೂಪಾಯಿ ಸಾಮಾನಿಗೆ ಗಾಡಿಯೇ ಹೋಗುತ್ತಿತ್ತು. ಪ್ಯಾನಲ್‌ನದು ತಪ್ಪಿಲ್ಲ. ನೀವು ಯಾರ ಹತ್ತಿರ ಹಾಕಿಸಿದರೂ ಇದೊಂದನ್ನು ಎದುರಿಗೇ ನಿಂತು ನೋಡಿ.

ಬ್ಯಾಟರಿ ಮೊದಲು ಮನೆಯ ಇನ್ವರ್ಟರಿಗೆ ಹಾಕುವ 150 ಎಎಚ್ ಟ್ಯೂಬ್ಯುಲರ್. ಇಬ್ಬರು ಸೇರಿ ಎತ್ತಬೇಕು. ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತೆ. 2023ರಲ್ಲಿ ಅದನ್ನು ತೆಗೆದು 100 ಎಎಚ್ ಲಿಥಿಯಂ ಫಾಸ್ಫೇಟ್ ಹಾಕಿದೆ. ಒಂದೇ ಕೈಯಲ್ಲಿ ಎತ್ತಬಹುದು. ಇದನ್ನು ಹೆಚ್ಚುಕಡಿಮೆ ಪೂರ್ತಿ ಖಾಲಿ ಮಾಡಬಹುದು, ಹಾಗಾಗಿ ಎಎಚ್ ಕಡಿಮೆ ಇದ್ದರೂ ಕೈಗೆ ಸಿಗುವ ಕರೆಂಟು ಹಳೆಯದಕ್ಕಿಂತ ಜಾಸ್ತಿ. ದುಡ್ಡು ಜಾಸ್ತಿ ಹೋಗಿದ್ದೂ ಇದಕ್ಕೇ.

ಈಗ ಮಾರೋ ವಿಷಯ.

ಬಿಚ್ಚಬೇಕು ಅಂತ ಮೊದಲು ಹೇಳಿದ್ದು ಅಣ್ಣಿಗೇರಿಯ ನಮ್ಮ ಕಾಕಾ. ಹೊಲದ ಶೆಡ್ಡಿಗೆ ಬೇಕಿತ್ತು. ಮೆಣಸಿನಗಿಡಕ್ಕೆ ಔಷಧ ಹೊಡೆಯುವ ಬ್ಯಾಟರಿ ಪಂಪು ಚಾರ್ಜ್ ಮಾಡೋಕೆ, ರಾತ್ರಿ ಎರಡು ಲೈಟಿಗೆ. "ಬಿಸಲೇನ್ ಅಂವ ರೊಕ್ಕಾ ಕೊಟ್ಟು ತಗೋತಾನೇನಪಾ ತಮ್ಮಾ? ಬಿಚ್ಚಿ ತಗೊಂಡ್ ಬಾ, ಮನೀ ಸಾಮಾನು ಮನ್ಯಾಗ ಇರ್ಲಿ," ಅಂದರು. ನನಗೂ ಸರಿ ಅನಿಸಿತು. ಗಾಡಿ ನೋಡಲು ಬಂದ ಮೊದಲ ಗಿರಾಕಿಯೂ "ಪ್ಯಾನಲ್ ನನಗ ಬ್ಯಾಡ್ರಿ, ನೀವ ಇಟ್ಕೋರಿ, ರೇಟಿನ್ಯಾಗ ಹದಿನೈದು ಸಾವಿರ ಇಳಸ್ರಿ" ಅಂದಿದ್ದ.

ಬಾಡಿ ಶೆಡ್‌ಗೆ ಒಯ್ದೆ. ಮೇಸ್ತ್ರಿ ಏಣಿ ಹತ್ತಿ, ಬೆರಳಲ್ಲಿ ಎಣಿಸಿ ಇಳಿದ. ಎಂಟು ಕ್ಲಾಂಪು, ಹದಿನಾರು ತೂತು. ಕ್ಲಾಂಪಿನ ಬುಡಕ್ಕೆಲ್ಲ ನೀರು ಇಳಿಯದಂತೆ ಹಚ್ಚುವ ಪಿಯು ಸೀಲಂಟ್ ಅಂಟು ಮೆತ್ತಿತ್ತು. ಅದನ್ನು ಕೊಯ್ಯುವಾಗ ಬಣ್ಣವೂ ಚಕ್ಕೆ ಚಕ್ಕೆ ಎದ್ದು ಬರುತ್ತೆ. ಪ್ಯಾನಲ್ ಕೆಳಗಿನ ಬಿಳಿ ಹೊಸದರ ಹಾಗೇ ಇದೆ, ಸುತ್ತ ಹಳದಿಗಟ್ಟಿದೆ. ಬಿಚ್ಚಿದರೆ ಗಾಡಿ ಮೇಲೆ ಎರಡು ಚೌಕ ಎದ್ದು ಕಾಣುತ್ತೆ. "ತಗದ್ರ ಗಾಡಿ ತಲಿ ಬೋಳಿಸಿದಂಗ ಕಾಣ್ತದ್ರಿ ಅಣ್ಣಾರ. ಒಂದು ತೂತು ಸರಿ ಮುಚ್ಚಲಿಲ್ಲಂದ್ರ ಮಳಿ ನೀರು ಹಾಸಿಗ್ಯಾಗ," ಅಂದ. ತೂತು ಮುಚ್ಚಿ, ಪುಟ್ಟಿ ಹಚ್ಚಿ, ಮೇಲ್ಭಾಗ ಪೂರ್ತಿ ಪೇಂಟ್ ಹೊಡೆಯೋಕೆ ಏಳು ಸಾವಿರ ಹೇಳಿದ.

ಇನ್ನು ಬಿಚ್ಚಿದ ಪ್ಯಾನಲ್‌ಗೆ ಏನು ಬೆಲೆ? ಆವತ್ತು ಒಂದಕ್ಕೆ ಆರೂವರೆ ಸಾವಿರ ಕೊಟ್ಟಿದ್ದೆ. ಹಳೆಯದನ್ನು ತಗೊಳ್ಳುವ ಅಂಗಡಿಯವನು ಎರಡು ಸಾವಿರಕ್ಕಿಂತ ಮೇಲೆ ಬರಲಿಲ್ಲ. ಪ್ಯಾನಲ್ ಸವೆದಿದೆ ಅಂತಲ್ಲ. ವರ್ಷಕ್ಕೆ ಅರ್ಧ ಪರ್ಸೆಂಟಿನ ಆಸುಪಾಸು ಕಡಿಮೆಯಾಗುತ್ತೆ ಅಷ್ಟೇ, ಇನ್ನೂ ಹದಿನೈದು ವರ್ಷ ಓಡುತ್ತೆ. ಹೊಸದು ಅಗ್ಗವಾಗಿದೆ, ಅದು ಕಾರಣ. ಸಾಲದ್ದಕ್ಕೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ 12ರಿಂದ 5 ಪರ್ಸೆಂಟಿಗೆ ಇಳಿದಿದೆ.

ಮನೆಗೆ ಹಾಕಿಕೊಳ್ಳೋಣ ಅಂತಲೂ ಯೋಚಿಸಿದೆ. ಗೃಹಜ್ಯೋತಿಯಲ್ಲಿ ನಮ್ಮ ಹೆಸ್ಕಾಂ ಕರೆಂಟ್ ಬಿಲ್ಲು ಸೊನ್ನೆ ಬರುತ್ತೆ, ಉಳಿಸೋದು ಏನನ್ನ? ಮನೆ ಮೇಲಿನ ಸೋಲಾರ್‌ಗೆ ಕೇಂದ್ರ ಕೊಡುವ ಪಿಎಂ ಸೂರ್ಯಘರ್ ಸಬ್ಸಿಡಿ ಅಂದರೆ ಹೊಸ ಸೆಟ್ ಹಾಕಿ ಗ್ರಿಡ್‌ಗೆ ಜೋಡಿಸಬೇಕು. ಗಾಡಿಯಿಂದ ಕಿತ್ತು ತಂದ ಎರಡು ತುಂಡಿಗೆ ಸಿಗಲ್ಲ.

ಹದಿನೈದು ಸಾವಿರ ಇಳಿಸು ಅಂದವನ ಲೆಕ್ಕ ಆಮೇಲೆ ಹೊಳೆಯಿತು. ಪ್ಯಾನಲ್ ನನಗೆ ಬಿಟ್ಟಂತೆ ಮಾಡಿ, ನಾಲ್ಕು ಸಾವಿರದ ಸಾಮಾನಿಗೆ ಹದಿನೈದು ಕೇಳಿದ್ದಾನೆ. ಮೇಲೆ ಏಳು ಸಾವಿರದ ಪೇಂಟು ನನ್ನದೇ!

ಕೊನೆಗೆ ಪ್ಯಾನಲ್, ಕಂಟ್ರೋಲರ್, ವೈರಿಂಗ್ ಎಲ್ಲ ಗಾಡಿಯಲ್ಲೇ ಬಿಟ್ಟೆ. ಬ್ಯಾಟರಿಗೆ ಮಾತ್ರ ಬೇರೆ ರೇಟು ಹೇಳಿದೆ. ತಗೊಂಡವರು ರಾಣೆಬೆನ್ನೂರಿನವರು, ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ಅವರಿಗೆ ವ್ಯಾಟು, ವೋಲ್ಟು ಏನೂ ಹೇಳಲಿಲ್ಲ. ಹಿಂದಿನ ದಿನವೇ ಫ್ರಿಜ್‌ನಲ್ಲಿ ಮಜ್ಜಿಗೆ ಇಟ್ಟಿದ್ದೆ. ಇಂಜಿನ್ ಆಫ್, ಕೀಲಿ ಕೈ ನನ್ನ ಜೇಬಲ್ಲಿ, ತಣ್ಣಗಿನ ಮಜ್ಜಿಗೆ ಲೋಟಕ್ಕೆ ಹಾಕಿ ಕೊಟ್ಟೆ. ಆಕೆ "ಇಷ್ಟ್ ತಣ್ಣಗ ಅದು ಬಿಸಲಿಂದ ಆಗ್ತದ್ರೀ?" ಅಂದರು. ಆಮೇಲೆ ಪ್ಯಾನಲ್ ಬಗ್ಗೆ ಚೌಕಾಸಿಯೇ ನಡೆಯಲಿಲ್ಲ. ಮನೆಯಲ್ಲಿ ಟ್ಯೂಬ್ಯುಲರ್ ಇದೆ ಅಂತ ಅವರು ಲಿಥಿಯಂ ಬೇಡ ಅಂದರು. ಹಾಗಿದ್ದರೆ ಕಂಟ್ರೋಲರ್‌ನಲ್ಲಿ ಬ್ಯಾಟರಿ ಸೆಟ್ಟಿಂಗ್ ಲಿಥಿಯಂನಿಂದ ಟ್ಯೂಬ್ಯುಲರ್‌ಗೆ ಬದಲಾಯಿಸಲೇಬೇಕು, ಇಲ್ಲದಿದ್ದರೆ ಬ್ಯಾಟರಿ ಸರಿಯಾಗಿ ತುಂಬಲ್ಲ. ಅವರೆದುರಿಗೇ ಮಾಡಿಕೊಟ್ಟೆ. ನೀವೂ ಮಾರಿದರೆ ಇದನ್ನು ಮರೆಯಬೇಡಿ.

ಆ ಲಿಥಿಯಂ ಈಗ ಕಾಕಾನ ಶೆಡ್‌ನಲ್ಲಿದೆ, ಒಂದು ಹೊಸ ಪ್ಯಾನಲ್ ಮತ್ತು ಸಣ್ಣ ಕಂಟ್ರೋಲರ್ ಜೊತೆ. ಹಳೇದು ಬಿಚ್ಚೋ ಖರ್ಚಿಗಿಂತ ಆ ಹೊಸ ಪ್ಯಾನಲ್ ಅಗ್ಗಕ್ಕೆ ಬಂತು.

ಸ್ಟಾರ್ ಕೊಡೋದಾದರೆ ಪ್ಯಾನಲ್‌ಗೆ ಐದಕ್ಕೆ ನಾಲ್ಕೂವರೆ, ಲಿಥಿಯಂಗೆ ಐದು, ಫಿಟ್ಟಿಂಗ್ ಮಾಡಿದವನಿಗೆ ಒಂದು. ಅದೂ ಸುಮ್ನೆ. ಗಾಡಿಯವರಿಗೆ ಆ ಉದ್ದ ಕೋಲಿನ ಬ್ರಶ್ ಕೊಡೋದು ಮರೆತಿದ್ದೇನೆ, ಇನ್ನೂ ನಮ್ಮ ಮೆಟ್ಟಿಲ ಕೆಳಗೇ ಇದೆ. ರಾಣೆಬೆನ್ನೂರು ಕಡೆ ಹೋದಾಗ ಮುಟ್ಟಿಸಬೇಕು.