ಪುಟ್ಟ ಮಕ್ಕಳೊಂದಿಗೆ ದೂರದ ವಿಮಾನ: ಎರಡೂ ಬಗೆ ನೋಡಿದವರ ಹೋಲಿಕೆ

ಹತ್ತು ಗಂಟೆಗೂ ಮೀರಿದ ಹಾರಾಟದಲ್ಲಿ ಮೊದಲ ಮೂರು ನಾಲ್ಕು ಗಂಟೆ ಯಾವ ಮಗುವೂ ಅಷ್ಟಾಗಿ ಕಾಡುವುದಿಲ್ಲ. ಕಿಟಕಿ ಹೊಸದು, ಎದುರಿನ ಪರದೆ ಹೊಸದು, ಸೀಟಿನ ಕೈಯಲ್ಲಿರುವ ಗುಂಡಿಗಳು ಹೊಸವು. ಕೊನೆಯ ಮೂರು ಗಂಟೆಯದೇ ಕಷ್ಟ. ಹಾಗಾಗಿ ಯಾವ ಆಯ್ಕೆ ಮೇಲು ಎಂದು ತೀರ್ಮಾನಿಸುವಾಗ ನಾನು ನೋಡುವುದು ಇಷ್ಟೇ: ಆ ಹೊತ್ತಿನಲ್ಲಿ ಮಗು ಹೇಗಿತ್ತು, ಎತ್ತಿಕೊಂಡವರು ಹೇಗಿದ್ದರು, ಇಳಿದ ಮೇಲೆ ಪಾಸ್‌ಪೋರ್ಟ್ ತಪಾಸಣೆಯ ಸಾಲಿನಲ್ಲಿ ನಿಲ್ಲುವ ತ್ರಾಣ ಉಳಿದಿತ್ತೇ? ನಮ್ಮ ಇಬ್ಬರು ಮಕ್ಕಳ ಜೊತೆ, ಕೈಗೂಸಿನಿಂದ ಶಾಲೆಗೆ ಸೇರುವ ವಯಸ್ಸಿನವರೆಗೆ, ಮುಂದೆ ಹೇಳುವ ಆಯ್ಕೆಗಳನ್ನೆಲ್ಲ ಬಳಸಿ ನೋಡಿದ್ದೇವೆ.

ಮೊದಲಿಗೆ ರಾತ್ರಿ ವಿಮಾನವೋ ಹಗಲಿನದೋ ಎಂಬ ಪ್ರಶ್ನೆ. ಕೇಳಿದವರೆಲ್ಲ ರಾತ್ರಿಯದನ್ನೇ ಹಿಡಿಯಿರಿ, ಮಕ್ಕಳು ಮಲಗಿಬಿಡುತ್ತಾರೆ ಎನ್ನುತ್ತಾರೆ. ಒಂದು ವರ್ಷದೊಳಗಿನ ಕೂಸಿನ ಮಟ್ಟಿಗೆ ಈ ಮಾತು ನಿಜ. ಹಾಲು ಕುಡಿದು, ಇಂಜಿನ್ನಿನ ಮೊರೆತಕ್ಕೆ ಅದು ನಿದ್ದೆ ಹೋಗುತ್ತದೆ. ಒಂದೂವರೆಯಿಂದ ಮೂರು ವರ್ಷದ ಮಗುವಿನ ವಿಷಯ ಬೇರೆ. ವಿಮಾನ ಹೊರಡುವುದು ನಡುರಾತ್ರಿಯ ಸುಮಾರಿಗೆ. ಮಗು ಮಲಗುವ ಹೊತ್ತು ನಿಲ್ದಾಣದ ದೀಪಗಳ ಕೆಳಗೇ ಮೀರಿರುತ್ತದೆ. ಮೇಲೇರಿದ ಮೇಲಾದರೂ ಕತ್ತಲಾಗುತ್ತದೆಯೇ ಎಂದರೆ ಅದೂ ಇಲ್ಲ. ಊಟದ ಗಾಡಿ ಬರಬೇಕು, ತಟ್ಟೆಗಳು ವಾಪಸ್ ಹೋಗಬೇಕು, ಆಮೇಲೆ ದೀಪ ಆರಬೇಕು. ಅಷ್ಟರಲ್ಲಿ ಮಗುವಿಗೆ ನಿದ್ದೆಗೆಟ್ಟ ರೊಚ್ಚು ಬಂದಿರುತ್ತದೆ. ಸುತ್ತಲೂ ಎಲ್ಲರೂ ಮಲಗಿರುವಾಗ ಅಳುವ ಒಂದು ಮಗುವಿನ ದನಿ ಎಷ್ಟು ದೊಡ್ಡದು ಎಂಬುದು ಎತ್ತಿಕೊಂಡು ನಿಂತವರಿಗೇ ಗೊತ್ತು.

ಹಗಲು ವಿಮಾನದಲ್ಲಿ ಮಗು ಕಡಿಮೆ ಮಲಗಿತು, ನಾವಂತೂ ಮಲಗಲೇ ಇಲ್ಲ. ಆದರೂ ಕೊನೆಯ ಗಂಟೆಗಳು ಹಗುರವಾಗಿದ್ದವು. ನಡುದಾರಿಯಲ್ಲಿ ಓಡಾಡಿದರೆ ಯಾರೂ ಹುಬ್ಬು ಗಂಟಿಕ್ಕಲಿಲ್ಲ. ಪಕ್ಕದವರು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಿನಿಮಾದಲ್ಲಿ ಮುಳುಗಿದ್ದರು. ಮಧ್ಯಾಹ್ನದ ನಿದ್ದೆ ತನ್ನ ವೇಳೆಗೆ ಬಂತು. ಸಂಜೆ ಇಳಿದದ್ದರಿಂದ ನೇರವಾಗಿ ಹಾಸಿಗೆಗೆ ಹೋಗಲು ಸಾಧ್ಯವಾಯಿತು. ಬೋಯಿಂಗ್ 787ರಲ್ಲಿ ಕಿಟಕಿಗೆ ಎಳೆಯುವ ಮುಚ್ಚಳ ಇರುವುದಿಲ್ಲ. ಗುಂಡಿ ಒತ್ತಿದರೆ ಗಾಜೇ ನಿಧಾನವಾಗಿ ಕಪ್ಪಾಗುತ್ತದೆ. ನನ್ನ ಮಗಳು ಆ ಗುಂಡಿಯೊಂದರಲ್ಲೇ ಬಹಳ ಹೊತ್ತು ಕಳೆದಳು: ಒತ್ತುವುದು, ಗಾಜಿಗೆ ಮೂಗು ತಾಗಿಸಿ ಕಾಯುವುದು, ಕಪ್ಪಾಯಿತೆಂದು ನನ್ನನ್ನು ಕರೆಯುವುದು, ಮತ್ತೆ ಒತ್ತುವುದು. ಸಿಬ್ಬಂದಿ ಒಂದೇ ಸಲಕ್ಕೆ ಎಲ್ಲ ಕಿಟಕಿಗಳನ್ನೂ ಕಪ್ಪಾಗಿಸಬಲ್ಲರು. ಹಾಗೆ ಮಾಡಿದಾಗ ಆಟವೂ ಮುಗಿಯಿತು.

ನೇರ ವಿಮಾನ ಮತ್ತು ನಡುವೆ ಒಮ್ಮೆ ಇಳಿದು ಬದಲಿಸುವ ವಿಮಾನ, ಇವುಗಳಲ್ಲಿ ಯಾವುದು ಎಂಬುದಕ್ಕೆ ಮಗುವಿನ ಕಿವಿ ಮತ್ತು ಕಾಲು ಬೇರೆ ಬೇರೆ ಉತ್ತರ ಕೊಡುತ್ತವೆ. ಹಾರುವಾಗ ಒಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿರುವಷ್ಟು ಇರುತ್ತದೆ. ಇಳಿಯುವಾಗ ಅದು ಏರುತ್ತದೆ. ಕಿವಿಯನ್ನೂ ಗಂಟಲನ್ನೂ ಸೇರಿಸುವ ನಾಳ ಮಕ್ಕಳಲ್ಲಿ ಕಿರಿದು, ಹೆಚ್ಚು ಅಡ್ಡವಾಗಿಯೂ ಇರುವುದರಿಂದ ಒತ್ತಡ ಬೇಗ ಸಮವಾಗದೆ ನೋಯುತ್ತದೆ. ನುಂಗಿದರೆ ನಾಳ ತೆರೆದುಕೊಳ್ಳುತ್ತದೆ. ಆದ್ದರಿಂದ ಚಕ್ರ ನೆಲ ಮುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ, ವಿಮಾನ ಕೆಳಗಿಳಿಯಲು ಶುರುವಿಟ್ಟಾಗ, ಎದೆಹಾಲೋ ಬಾಟಲಿಯೋ ನೀರಿನ ಸ್ಟ್ರಾನೋ ಬಾಯಿಗೆ ಬರಬೇಕು. ನಿದ್ದೆಯಲ್ಲಿರುವ ಕೂಸನ್ನು ಎಬ್ಬಿಸಿ ಕುಡಿಸಬೇಕಾಗುತ್ತದೆ. ನಡುವೆ ಇಳಿದು ಹೋಗುವವರಿಗೆ ಇದೆಲ್ಲ ಎರಡು ಸಲ. ಜೊತೆಗೆ ಇನ್ನೊಂದು ಭದ್ರತಾ ತಪಾಸಣೆ, ಎದೆಗೆ ಕಟ್ಟಿದ ಮಗುವನ್ನು ಮತ್ತೆ ಬಿಚ್ಚುವುದು. ಬಾಗಿಲ ಬಳಿ ಒಪ್ಪಿಸಿದ ಸ್ಟ್ರೋಲರ್ ನಡುವಿನ ನಿಲ್ದಾಣದಲ್ಲಿ ಕೈಗೆ ಸಿಗುತ್ತದೆ ಎಂಬ ಖಾತ್ರಿಯಿಲ್ಲ. ಕೆಲವೊಮ್ಮೆ ಅದು ನೇರವಾಗಿ ಕೊನೆಯ ಊರಿಗೇ ಹೋಗಿರುತ್ತದೆ. ಎದೆಗೆ ಕಟ್ಟುವ ಚೀಲ ಇದ್ದವರೇ ಜಾಣರು.

ಇಷ್ಟಾದರೂ ಓಡುವ ವಯಸ್ಸಿನ ಮಕ್ಕಳಿಗೆ ನಾನು ನಡು ನಿಲುಗಡೆಯ ಪರ. ಮೂರು ಗಂಟೆಯ ಬಿಡುವಿನಲ್ಲಿ ಮಗ ಖಾಲಿ ಗೇಟಿನ ಮುಂದಿನ ರತ್ನಗಂಬಳಿಯ ಮೇಲೆ ಓಡಿ, ಬೆವರಿ, ಮುಂದಿನ ವಿಮಾನದಲ್ಲಿ ಬೆಲ್ಟ್ ಹಾಕುವಷ್ಟರಲ್ಲೇ ತೂಕಡಿಸಿದ. ಆದರೆ ಬಿಡುವು ಒಂದೂವರೆ ಗಂಟೆಗಿಂತ ಕಡಿಮೆಯಿದ್ದರೆ ಓಡುವವರು ನಾವೇ ಆಗುತ್ತೇವೆ; ಐದು ಗಂಟೆ ದಾಟಿದರೆ ಅದೇ ಇನ್ನೊಂದು ಪ್ರಯಾಣ. ಎರಡು ಹಾರಾಟಗಳೂ ಒಂದೇ ಟಿಕೆಟ್ಟಿನಲ್ಲಿ ಇರಲೇಬೇಕು. ಮೊದಲನೆಯದು ತಡವಾದರೆ ಮುಂದಿನದಕ್ಕೆ ಕೂರಿಸುವ ಹೊಣೆ ಆಗ ಕಂಪನಿಯದು. ಇನ್ನೂ ಒಂದು ಮಾತು: ಒಬ್ಬರೇ ಇಬ್ಬರು ಮಕ್ಕಳನ್ನು ಕರೆದೊಯ್ಯುವುದಾದರೆ ಈ ವಾದವೆಲ್ಲ ಬಿಟ್ಟು ನೇರ ವಿಮಾನಕ್ಕೇ ದುಡ್ಡು ಕೊಡಿ.

ಇನ್ನು ತೊಟ್ಟಿಲು, ಮಡಿಲು ಮತ್ತು ಸ್ವಂತ ಸೀಟು. ಎರಡು ವರ್ಷ ತುಂಬುವವರೆಗೆ ಮಗು ಮಡಿಲಲ್ಲಿ ಕೂರಬಹುದು. ಅಂತರರಾಷ್ಟ್ರೀಯ ಹಾರಾಟಗಳಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಶೇ. 10ರಷ್ಟು ಹಣ. ಪ್ರವಾಸದ ನಡುವೆ ಎರಡನೆಯ ಹುಟ್ಟುಹಬ್ಬ ಬಂದರೆ ವಾಪಸ್ ಬರುವಾಗ ಸೀಟು ಕೊಳ್ಳಬೇಕು. ಮುಂದಿನ ಗೋಡೆಗೆ ಸಿಕ್ಕಿಸುವ ತೊಟ್ಟಿಲು, ಅಂದರೆ ಬ್ಯಾಸಿನೆಟ್, ಕೇಳಿದರೆ ಸ್ವರ್ಗದಂತಿದೆ. ತೂಕದ ಮಿತಿ ಕಂಪನಿಯಿಂದ ಕಂಪನಿಗೆ ಬೇರೆ. ಹಲವು ಕಡೆ 10-11 ಕಿಲೋ. ಐದು ತಿಂಗಳ ಮಗ ಅದರಲ್ಲಿ ಚೆನ್ನಾಗಿಯೇ ಮಲಗಿದ. ಅಷ್ಟರಲ್ಲಿ ಟಿಂಗ್ ಎಂದು ಬೆಲ್ಟ್ ದೀಪ ಹೊತ್ತಿತು. ನಿಯಮದ ಪ್ರಕಾರ ಮಗುವನ್ನು ಎತ್ತಿಕೊಳ್ಳಬೇಕು. ಎತ್ತಿದೆವು, ಎದ್ದ. ಸ್ವಲ್ಪ ಹೊತ್ತಿಗೆ ದೀಪ ಆರಿತು. ತಟ್ಟಿ ಮಲಗಿಸಿ, ಉಸಿರು ಬಿಗಿಹಿಡಿದು ಒಳಗಿಟ್ಟು ಕೈ ಬಿಡಿಸಿಕೊಳ್ಳುವ ಹೊತ್ತಿಗೆ ಮತ್ತೆ ಟಿಂಗ್. ಆ ಮುಂದಿನ ಸಾಲಿನಲ್ಲಿ ಸೀಟಿನ ಕೈ ಮೇಲೆತ್ತಲು ಬರುವುದಿಲ್ಲ, ಊಟದ ಹಲಗೆ ಅದರೊಳಗೇ ಮಡಚಿರುತ್ತದೆ. ಎದುರಿಗೆ ಸೀಟಿಲ್ಲದ್ದರಿಂದ ಕಾಲ ಬಳಿ ಚೀಲ ಇಡಲೂ ಜಾಗವಿಲ್ಲ. ಏರುವಾಗ ಇಳಿಯುವಾಗ ಡೈಪರ್ ಚೀಲವೂ ಮೇಲಿನ ಗೂಡಿಗೆ ಹೋಗುತ್ತದೆ. ಮಗು ಎದ್ದು ಕೂರಲು ಕಲಿತ ಮೇಲೆ ತೊಟ್ಟಿಲಿನಿಂದ ಏನೂ ಪ್ರಯೋಜನವಿಲ್ಲ, ಬಟ್ಟೆ ಆಟಿಕೆ ಇಟ್ಟುಕೊಳ್ಳಬಹುದು ಅಷ್ಟೆ.

ಒಂದು ವರ್ಷ ದಾಟಿದ ಮಗುವಿಗೆ, ಕೈಯಲ್ಲಿ ಹಣವಿದ್ದರೆ, ಬೇರೆ ಸೀಟು ಕೊಳ್ಳುವುದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆರಾಮಕ್ಕಷ್ಟೇ ಅಲ್ಲ, ವಿಮಾನ ಜೋರಾಗಿ ಕುಲುಕಿದರೆ ತೋಳುಗಳು ಮಗುವನ್ನು ಹಿಡಿದಿಡಲಾರವು. ಅಮೆರಿಕದ ವಿಮಾನಯಾನ ಆಡಳಿತವಾದ ಎಫ್‌ಎಎ ಕೂಡ ಮಗುವಿಗೆ ಸುರಕ್ಷಿತ ಜಾಗ ಮಡಿಲಲ್ಲ, ಅನುಮೋದಿತ ಮಕ್ಕಳ ಆಸನ ಎನ್ನುತ್ತದೆ.

ಆ ಸೀಟಿನಲ್ಲಿ ಕಾರಿನ ಮಕ್ಕಳ ಆಸನ ಕಟ್ಟಬಹುದು, ಇಲ್ಲವೇ ವಿಮಾನದ ಸೀಟಿಗೇ ಸಿಕ್ಕಿಸಿ ಮಗುವಿನ ಭುಜಗಳನ್ನು ಹಿಡಿದಿಡುವ ಪಟ್ಟಿಯ ಕವಚ ಬಳಸಬಹುದು. ಕಾರಿನ ಆಸನದಲ್ಲಿ ಮಗು ತನ್ನ ಜಾಗ ಎಂದುಕೊಂಡು ತಲೆ ಒರಗಿಸಿ ಮಲಗುತ್ತದೆ. ಇಳಿದ ಮೇಲೆ ಟ್ಯಾಕ್ಸಿಗೂ ಅದೇ ಬರುತ್ತದೆ. ವಿಮಾನದಲ್ಲಿ ಬಳಸಬಹುದೆಂಬ ಚೀಟಿ ಅದರ ಮೇಲಿರಬೇಕು, ಸಾಮಾನ್ಯವಾಗಿ ಕಿಟಕಿಯ ಪಕ್ಕವೇ ಕಟ್ಟಬೇಕು. ಹೊರುವುದು ಹಿಂಸೆ. ಅದಕ್ಕಿಂತ ಹಿಂಸೆ ಎಂದರೆ, ಮಗು ಎತ್ತರದಲ್ಲಿ ಕೂರುವುದರಿಂದ ಪಾದಗಳು ಸರಿಯಾಗಿ ಮುಂದಿನವರ ಬೆನ್ನಿಗೆ ತಾಗುತ್ತವೆ. ಕೇರ್ಸ್ ಎಂಬ ಪಟ್ಟಿ ಅರ್ಧ ಕಿಲೋ ಸುಮಾರು ತೂಗುತ್ತದೆ, ಮಡಚಿದರೆ ಕೈಚೀಲಕ್ಕೆ ಹೋಗುತ್ತದೆ. ಅದು 10ರಿಂದ 20 ಕಿಲೋ ತೂಕದ, ಒಂದು ಮೀಟರ್‌ವರೆಗಿನ ಎತ್ತರದ ಮಕ್ಕಳಿಗೆ. ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ಅದನ್ನು ಕಟ್ಟಿದ ಮಗ ನಿದ್ದೆಯಲ್ಲಿ ಜಾರಿ ಜಾರಿ ಕೆಳಗಿಳಿಯುತ್ತಿದ್ದ. ಎರಡು ವರ್ಷದೊಳಗೆ ಕಾರಿನ ಆಸನ, ಆಮೇಲೆ ಪಟ್ಟಿ.

ಪರದೆಯೋ ಪುಸ್ತಕವೋ ಎಂಬ ಜಗಳಕ್ಕೆ ನಾನಿಲ್ಲ. ಎರಡೂ ಬೇಕು, ಪರದೆ ಆದಷ್ಟು ತಡವಾಗಿ. ಮಗುವಿನ ತಲೆಗೆ ಹೊಂದುವ ಹೆಡ್‌ಫೋನ್ ಮನೆಯಿಂದಲೇ ಬರಲಿ. ಮಂಪರು ತರುವ ಶೀತದ ಔಷಧ ಕುಡಿಸಿ ಮಲಗಿಸುವ ಉಪಾಯವನ್ನು ಕೆಲವರು ಪಿಸುಗುಟ್ಟುತ್ತಾರೆ. ಮಕ್ಕಳ ವೈದ್ಯರು ಇದನ್ನು ಬೇಡವೆನ್ನುತ್ತಾರೆ; ಕೆಲವು ಮಕ್ಕಳಲ್ಲಿ ಅದು ನಿದ್ದೆಯ ಬದಲು ಚಡಪಡಿಕೆ ತರುತ್ತದೆ. ಅದನ್ನು ನಾವು ಮುಟ್ಟಿಲ್ಲ.

ಯಾರೂ ಹೇಳದ ಹೋಲಿಕೆಯೊಂದು ಉಳಿದಿದೆ: ಅಪ್ಪ ಅಮ್ಮ ಒಟ್ಟಿಗೆ ಕೂರುವುದೋ, ಬೇರೆ ಸಾಲಿನಲ್ಲೋ? ನಾಲ್ವರೂ ಒಂದೇ ಸಾಲಿನಲ್ಲಿ ಕೂತಾಗ ಒಂದು ಮಗು ಅತ್ತರೆ ಇಬ್ಬರಿಗೂ ಎಚ್ಚರ. ಒಬ್ಬರು ನಾಲ್ಕೈದು ಸಾಲು ಹಿಂದೆ ಕೂತು, ಪಾಳಿಯಂತೆ ಜಾಗ ಬದಲಿಸಿಕೊಂಡಾಗ ಇಬ್ಬರಿಗೂ ಒಂದಿಷ್ಟು ನಿದ್ದೆ ದಕ್ಕಿತು. ಟಿಕೆಟ್ ಕಾಯ್ದಿರಿಸುವಾಗಲೇ ಹೀಗೆ ಸೀಟು ಆರಿಸಿಕೊಳ್ಳಬೇಕು. ಡೈಪರ್, ಒದ್ದೆ ಒರೆಸುವ ಬಟ್ಟೆ, ಮಗುವಿನ ಒಂದು ಜೊತೆ ಉಡುಪು ಎರಡೂ ಚೀಲಗಳಲ್ಲಿ ಇರಲಿ. ಎಲ್ಲವೂ ಒಂದೇ ಚೀಲದಲ್ಲಿದ್ದರೆ ಅದು ಮಲಗಿರುವವರ ಕಾಲ ಕೆಳಗೇ ಇರುತ್ತದೆ.