ಮೈಕ್ರೋಬಿಟ್ ವಿ2: ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಕ್ಕಳಿಗೂ ಒಗ್ಗುವ ಬೋರ್ಡ್

ಮನೆಯಲ್ಲಿ ಕಂಪ್ಯೂಟರ್ ಇಲ್ಲದ, ನೆಂಟರಿಷ್ಟರಲ್ಲಿ ಯಾರೂ ಈ ಕಡೆ ಸುಳಿಯದ ಮಕ್ಕಳಿಗೆ ಕೋಡಿಂಗ್ (ಕಂಪ್ಯೂಟರಿಗೆ ಆದೇಶ ಬರೆಯುವುದು) ಶುರು ಮಾಡಿಸಲು ಮೈಕ್ರೋಬಿಟ್ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. 2016ರಲ್ಲಿ ಬಿಬಿಸಿ ಬ್ರಿಟನ್ನಿನ ಶಾಲಾಮಕ್ಕಳಿಗೆ ಉಚಿತವಾಗಿ ಹಂಚಿದ ಬೋರ್ಡ್ ಇದು. 2020ರ ವಿ2 ಮಾದರಿಗೆ ಮೈಕ್, ಸ್ಪೀಕರ್ ಸೇರಿವೆ. 25 ಎಲ್‌ಇಡಿ, ಎರಡು ಗುಂಡಿ, ಅಲುಗಾಟ ಗುರುತಿಸುವ ಸೆನ್ಸರ್, ರೇಡಿಯೋ ಎಲ್ಲ ಬೋರ್ಡಿನಲ್ಲೇ ಇರುವುದರಿಂದ ಬೆಸುಗೆಯ ಗೋಜಿಲ್ಲ.

ಬ್ರೌಸರಿನಲ್ಲಿ ಮೇಕ್‌ಕೋಡ್ (ಬ್ಲಾಕುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ತಾಣ) ತೆರೆದು, "ಅಲುಗಾಡಿಸಿದಾಗ" ಎಂಬ ಬ್ಲಾಕಿನೊಳಗೆ 1ರಿಂದ 6ರ ನಡುವಿನ ಯಾವುದಾದರೂ ಸಂಖ್ಯೆ ತೋರಿಸುವ ಬ್ಲಾಕ್ ಇಟ್ಟರೆ ದಾಳ ತಯಾರು. ಡೌನ್‌ಲೋಡ್ ಆದ ಹೆಕ್ಸ್ ಫೈಲನ್ನು (ಬೋರ್ಡಿಗೆ ಅರ್ಥವಾಗುವ ರೂಪದ ಪ್ರೋಗ್ರಾಂ), ಬೋರ್ಡನ್ನು ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿದಾಗ ಕಾಣುವ ಮೈಕ್ರೋಬಿಟ್ ಡ್ರೈವಿಗೆ ಹಾಕಬೇಕು. ಹಿಂಬದಿಯ ದೀಪ ಮಿನುಗಿ ನಿಂತಿತೆಂದರೆ ಪ್ರೋಗ್ರಾಂ ಓಡುತ್ತದೆ. ಕೇಬಲ್ ಕಳಚಿ ಎರಡು ಎಎಎ ಸೆಲ್‌ಗಳ ಪೆಟ್ಟಿಗೆ ಸಿಕ್ಕಿಸಿದರೂ ದಾಳ ಉರುಳುತ್ತಲೇ ಇರುತ್ತದೆ. ತಾನು ಮಾಡಿದ್ದನ್ನು ಮಗು ಮನೆಗೆ ಒಯ್ದು ಅಮ್ಮನ ಕೈಗಿಡಬಹುದು! ಲ್ಯಾಪ್‌ಟಾಪಿನಲ್ಲಷ್ಟೇ ನಡೆಯುವ ಪಾಠಕ್ಕೆ ಈ ಬಲವಿಲ್ಲ.

ಮೊದಲ ದಿನವೇ ಕೈಕೊಡುವುದು ಕೇಬಲ್. ಬರೀ ಚಾರ್ಜ್ ಮಾಡುವ ಮೈಕ್ರೋ ಯುಎಸ್‌ಬಿ ಕೇಬಲಿನಲ್ಲಿ ಡೇಟಾ ತಂತಿ ಇರುವುದಿಲ್ಲ; ದೀಪ ಹತ್ತುತ್ತದೆ, ಡ್ರೈವ್ ಕಾಣಿಸುವುದಿಲ್ಲ. ಮಗುವೋ, ತನಗೇ ಬರಲಿಲ್ಲ ಎಂದುಕೊಳ್ಳುತ್ತದೆ. ಕೇಬಲ್‌ಗಳನ್ನು ಹಿಂದಿನ ದಿನವೇ ಒಂದೊಂದಾಗಿ ಪರೀಕ್ಷಿಸಿಡಿ. ರೀಸೆಟ್ ಗುಂಡಿ ಒತ್ತಿಕೊಂಡೇ ಕೇಬಲ್ ಸಿಕ್ಕಿಸಿದರೆ ಮೈಕ್ರೋಬಿಟ್ ಡ್ರೈವಿನ ಬದಲು ಮೇಂಟೆನೆನ್ಸ್ ಎಂಬ ಡ್ರೈವ್ ಬರುತ್ತದೆ. ಕೇಬಲ್ ಕಳಚಿ, ಗುಂಡಿ ಒತ್ತದೆ ಮತ್ತೆ ಸಿಕ್ಕಿಸಿ. ಎರಡು ಬೋರ್ಡ್ ರೇಡಿಯೋದಲ್ಲಿ ಮಾತಾಡದಿದ್ದರೆ ಪ್ರೋಗ್ರಾಂನಲ್ಲಿ ಕೊಟ್ಟ ರೇಡಿಯೋ ಗುಂಪಿನ ಸಂಖ್ಯೆ ಎರಡರಲ್ಲೂ ಒಂದೇ ಇದೆಯೇ ನೋಡಿ. ತಾಪಮಾನ ಕೋಣೆಯದಕ್ಕಿಂತ ಹೆಚ್ಚು ತೋರಿಸಬಹುದು, ಏಕೆಂದರೆ ಅದು ಬೋರ್ಡಿನ ಮೇಲಿನ ಚಿಪ್ ಒಳಗಿನ ಬಿಸಿ. ಮೋಟಾರನ್ನು ಬೋರ್ಡಿನ ಅಂಚಿನಲ್ಲಿ ತಂತಿ ಜೋಡಿಸುವ ಪಿನ್ನಿಗೆ ನೇರವಾಗಿ ಜೋಡಿಸಲೇಬೇಡಿ, ಅದಕ್ಕೆ ಬೇಕಾದಷ್ಟು ಕರೆಂಟ್ ಪಿನ್ ಕೊಡಲಾರದು.

ಒಂದು ಬೋರ್ಡಿಗೆ ನಾಲ್ವರನ್ನು ಕೂರಿಸಿದರೆ ಮೊದಲೇ ಕಂಪ್ಯೂಟರ್ ಬಲ್ಲವರು ಮೌಸ್ ಹಿಡಿಯುತ್ತಾರೆ, ಉಳಿದವರು, ಹೆಚ್ಚಾಗಿ ಹುಡುಗಿಯರು, ನೋಡುತ್ತಾ ಕೂರುತ್ತಾರೆ. ಬೋರ್ಡ್ ಕಡಿಮೆಯಿದ್ದರೆ ಪ್ರತಿಯೊಬ್ಬರೂ ತಮ್ಮ ಪ್ರೋಗ್ರಾಂ ಬರೆದು ಮೇಕ್‌ಕೋಡಿನ ಸಿಮ್ಯುಲೇಟರಿನಲ್ಲಿ (ತೆರೆಯ ಮೇಲಿನ ನಕಲಿ ಬೋರ್ಡ್) ಓಡಿಸಲಿ, ಬೋರ್ಡಿಗೆ ಸರದಿಯಂತೆ ಹಾಕಲಿ. ಹೊಸದು ಹಾಕಿದೊಡನೆ ಹಳೆಯದು ಅಳಿಯುತ್ತದೆ, ಆದ್ದರಿಂದ ಹೆಕ್ಸ್ ಫೈಲುಗಳನ್ನು ಮಕ್ಕಳ ಹೆಸರಿನಲ್ಲೇ ಉಳಿಸಿಡಿ.

ಬ್ಲಾಕಿನ ಬದಲು ಅಕ್ಷರಗಳಲ್ಲಿ ಬರೆಯುವ ಪೈಥಾನ್ ಭಾಷೆ ಕೂಡ ನಡೆಯುತ್ತದೆ. ಆದರೆ ತಪ್ಪಾದರೆ ಇಂಗ್ಲಿಷ್ ಸಂದೇಶ ಆ ಪುಟ್ಟ ಎಲ್‌ಇಡಿ ಚೌಕದಲ್ಲಿ ಅಕ್ಷರ ಅಕ್ಷರವಾಗಿ ಸರಿಯುತ್ತದೆ. ಹೊಸಬರಿಗೆ ಅದು ಹಿಂಸೆ. ಬ್ಲಾಕುಗಳಿಂದಲೇ ಶುರು ಮಾಡಿ.

ಕೊಳ್ಳುವಾಗ ಬರೀ ಬೋರ್ಡ್ ಬೇಡ, ಕೇಬಲ್, ಸೆಲ್ ಪೆಟ್ಟಿಗೆ ಇರುವ ಗೋ ಕಿಟ್ ತೆಗೆದುಕೊಳ್ಳಿ. ಆ ಪೆಟ್ಟಿಗೆಗೆ ಸ್ವಿಚ್ ಇಲ್ಲ. ಆಟ ಮುಗಿದ ಮೇಲೆ ಅದರ ತಂತಿ ಕಳಚಿಡುವುದನ್ನು ಮಕ್ಕಳಿಗೆ ಹೇಳಿಕೊಡಿ, ಇಲ್ಲವಾದರೆ ಸೆಲ್ ಸುಮ್ಮನೆ ಖಾಲಿಯಾಗುತ್ತದೆ.