‘ನಾವಿದ್ದೀವಲ್ಲ’ ಅಂದರೆ ಎಷ್ಟು ಲಕ್ಷಕ್ಕೆ?

ದಕ್ಷಿಣ ಕೊಡಗಿನ ಒಂದು ಪತ್ತಿನ ಸಂಘ ಅವಧಿ ಮುಗಿದ ಠೇವಣಿ ಬಾಂಡ್‌ಗಳಿಗೆ ಹಣ ಕೊಡುವುದನ್ನು ನಿಲ್ಲಿಸಿದಾಗ ಕಲ್ಯಾಣ ಮಂಟಪದಲ್ಲಿ ಠೇವಣಿದಾರರ ಸಭೆ ಕರೆದರು. ಸಂಘದ ಹೆಸರೂ ವೇದಿಕೆ ಮೇಲೆ ಕೂತವರ ಹೆಸರೂ ಇಲ್ಲಿ ಬೇಡ. ಇಂಥ ಸಭೆ ಎಲ್ಲಿ ನಡೆದರೂ ಆಡುವ ಮಾತು ಹೆಚ್ಚುಕಡಿಮೆ ಒಂದೇ. ರೊಬಸ್ಟಾ ಕಾಫಿ ಮಾರಿದ ದುಡ್ಡಿನಲ್ಲಿ ಹನ್ನೆರಡು ಲಕ್ಷ ಇಟ್ಟಿದ್ದ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು: “ಸರ್, ಸಂಘ ಮುಳುಗಿದ್ರೆ ಬ್ಯಾಂಕಿನ ಹಾಗೆ ನಮ್ಗೂ ಐದು ಲಕ್ಷ ಬರ್ತದಾ?”

“ಅಜ್ಜ, ನೀವೆಂತಕ್ಕೆ ಹೆದರ್ತೀರಿ? ನಾವಿದ್ದೀವಲ್ಲ. ಒಂದು ರೂಪಾಯಿ ಕೂಡ ಎಲ್ಲಿಗೂ ಹೋಗಲ್ಲ.”

ವೇದಿಕೆಯಿಂದ ಬಂದ ಈ ಮಾತಿಗೆ ಚಪ್ಪಾಳೆ ಬಿತ್ತು. ಕೇಳಿದ ಪ್ರಶ್ನೆಗೆ ಒಂದೇ ಪದದ ಉತ್ತರ ಇತ್ತು: ‘ಇಲ್ಲ’. ಅದನ್ನು ವೇದಿಕೆಯ ಮೇಲೆ ಯಾರೂ ಹೇಳಲಿಲ್ಲ. ಆ ಚಪ್ಪಾಳೆಯ ಧೈರ್ಯದಲ್ಲಿ ಮಾರನೆಯ ದಿನವೇ ಹೋಗಿ ಬಾಂಡನ್ನು ಇನ್ನೊಂದು ವರ್ಷಕ್ಕೆ ನವೀಕರಿಸಿದವರಿದ್ದಾರೆ. ಹೊಡೆತ ಬಿದ್ದದ್ದು ಅವರಿಗೇ. ಅವಧಿ ಮುಗಿದೂ ಹಣ ಬಾರದ ಬಾಂಡ್ ಕೈಯಲ್ಲಿದ್ದರೆ ದೂರಿಗೆ ಆಧಾರ ಇರುತ್ತದೆ. ನವೀಕರಿಸಿದ ಗಳಿಗೆಯಿಂದ ಸಂಘ ನಿಮಗೆ ಕೊಡಬೇಕಾದ ದಿನವೇ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ಕಾಗದದ ಮೇಲೆ ಸಂಘ ತಪ್ಪಿದ್ದೇ ಇಲ್ಲ.

ಬ್ಯಾಂಕ್ ಮುಳುಗಿದರೆ ಠೇವಣಿದಾರರಿಗೆ ಈ ಐದು ಲಕ್ಷದವರೆಗೆ ಕೊಡುವುದು ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ, ಬ್ಯಾಂಕಿನವರ ಬಾಯಲ್ಲಿ ಡಿಐಸಿಜಿಸಿ. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕ್ ಮುಳುಗಿದ ಮೇಲೆ, 1962ರ ಜನವರಿಯಲ್ಲಿ ಈ ವಿಮೆ ಶುರುವಾಯಿತು. ಆಗಿನ ಮಿತಿ 1,500 ರೂಪಾಯಿ. 1993ರಲ್ಲಿ 1 ಲಕ್ಷಕ್ಕೆ ಏರಿದ್ದು ಅಲ್ಲೇ 27 ವರ್ಷ ಕೂತಿತ್ತು. ಮುಂಬೈನ ಪಿಎಂಸಿ ಬ್ಯಾಂಕಿನ ಗ್ರಾಹಕರು ಬೀದಿಗೆ ಬಂದ ಮೇಲೆ, 2020ರ ಫೆಬ್ರವರಿ 4ರಿಂದ 5 ಲಕ್ಷ ಆಯಿತು. ವಿಮೆಯ ಕಂತು ಕಟ್ಟುವುದು ಬ್ಯಾಂಕ್, ನಿಮ್ಮಿಂದ ವಸೂಲು ಮಾಡುವಂತಿಲ್ಲ.

ಇದು ಬ್ಯಾಂಕುಗಳಿಗೆ ಮಾತ್ರ. ವಾಣಿಜ್ಯ ಬ್ಯಾಂಕ್, ಗ್ರಾಮೀಣ ಬ್ಯಾಂಕ್, ಪಟ್ಟಣ ಸಹಕಾರ ಬ್ಯಾಂಕ್, ಡಿಸಿಸಿ ಬ್ಯಾಂಕ್, ಅಪೆಕ್ಸ್ ಬ್ಯಾಂಕ್ ಒಳಗೆ ಬರುತ್ತವೆ. ಊರಿನ ಕೃಷಿ ಪತ್ತಿನ ಸಂಘ, ಪೇಟೆಯ ಪತ್ತಿನ ಸಹಕಾರ ಸಂಘ, ಬ್ಯಾಂಕ್ ಲೈಸೆನ್ಸ್ ಇಲ್ಲದ ಸೌಹಾರ್ದ ಸಹಕಾರಿ, ಎಲ್ಲೋ ಮುಖ್ಯ ಕಚೇರಿ ಇಟ್ಟುಕೊಂಡು ಇಲ್ಲಿ ಬ್ರಾಂಚ್ ತೆರೆದಿರುವ ಬಹುರಾಜ್ಯ ಸಂಘ, ಚಿಟ್ ಫಂಡ್, ಫೈನಾನ್ಸ್ ಕಂಪನಿ, ಇವೆಲ್ಲ ಹೊರಗೆ. ಗೋಣಿಕೊಪ್ಪದಲ್ಲೋ ಕುಶಾಲನಗರದಲ್ಲೋ ಅಂಗಡಿಗೆ ದಿನಾ ಬಂದು ಪಿಗ್ಮಿ ತೆಗೆದುಕೊಂಡು ಹೋಗುವವರು ಯಾರ ಕಡೆಯವರು ಎಂದು ರಸೀದಿಯ ತಲೆಬರಹ ಓದಿ ನೋಡಿ. ‘ಸಹಕಾರ ಬ್ಯಾಂಕ್’ ಬೇರೆ, ‘ಪತ್ತಿನ ಸಹಕಾರ ಸಂಘ ನಿ.’ ಬೇರೆ. ಲೈಸೆನ್ಸ್ ಇಲ್ಲದೆ ಹೆಸರಿನಲ್ಲಿ ‘ಬ್ಯಾಂಕ್’ ಎಂದು ಬರೆದುಕೊಂಡ ಸಂಘಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲೇ ಎಚ್ಚರಿಸಿತ್ತು. ಹಾಗಾಗಿ ಬೋರ್ಡ್ ಒಂದನ್ನೇ ನಂಬಬೇಡಿ. ನಿಗಮದ ವೆಬ್‌ಸೈಟಿನಲ್ಲಿ ವಿಮೆ ಇರುವ ಬ್ಯಾಂಕುಗಳ ಪಟ್ಟಿ ಇದೆ, ಹೆಸರು ಅಕ್ಷರಕ್ಕೆ ಅಕ್ಷರ ಹೊಂದಬೇಕು. 2023ರ ಸೆಪ್ಟೆಂಬರ್‌ನಿಂದ ವಿಮೆ ಇರುವ ಬ್ಯಾಂಕ್ ತನ್ನ ವೆಬ್‌ಸೈಟಿನಲ್ಲಿ ನಿಗಮದ ಲಾಂಛನ ಮತ್ತು ಕ್ಯೂಆರ್ ಕೋಡ್ ಹಾಕಲೇಬೇಕು.

ಸಂಘದ ಅಧ್ಯಕ್ಷರೂ ಅವರ ಪಕ್ಕ ಕೂತ ನಾಯಕರೂ ಸೇರಿ ಹೇಳುವ ಒಂದು ಮಾತಿದೆ: “ನಮ್ಮ ಸಂಘದ ಹಣ ಡಿಸಿಸಿ ಬ್ಯಾಂಕಲ್ಲಿದೆ, ಅದಕ್ಕೆ ವಿಮೆ ಇದೆ.” ಎರಡೂ ವಾಕ್ಯ ನಿಜ, ಒಟ್ಟು ಅರ್ಥ ಮಾತ್ರ ಸುಳ್ಳು. ಡಿಸಿಸಿ ಬ್ಯಾಂಕಿನ ಲೆಕ್ಕದಲ್ಲಿ ನಿಮ್ಮ ಇಡೀ ಸಂಘ ಒಬ್ಬ ಠೇವಣಿದಾರ. ಡಿಸಿಸಿ ಬ್ಯಾಂಕೇ ಮುಳುಗಿದರೆ ಸಂಘಕ್ಕೆ ಸಿಗುವುದು ಒಟ್ಟು 5 ಲಕ್ಷ. ಸದಸ್ಯರು ಎಂಟುನೂರು ಜನ ಇದ್ದರೆ ಹಂಚಿಕೊಳ್ಳಿ, ತಲೆಗೆ 625 ರೂಪಾಯಿ. ಇನ್ನು ಡಿಸಿಸಿ ಬ್ಯಾಂಕ್ ಗಟ್ಟಿಯಾಗಿದ್ದು ಸಂಘ ಮಾತ್ರ ಮುಳುಗಿದರೆ ಆ ವಿಮೆಗೂ ನಿಮಗೂ ಸಂಬಂಧವೇ ಇಲ್ಲ.

ಪ್ರಶ್ನೆ ಜಾರಿಸುವುದು ಸುಲಭವಾಗಲು ಕಾರಣ ಸಂವಿಧಾನದಲ್ಲೇ ಇದೆ. ಬ್ಯಾಂಕಿಂಗ್ ಕೇಂದ್ರದ ಪಟ್ಟಿ, ಸಹಕಾರ ಸಂಘ ರಾಜ್ಯದ ಪಟ್ಟಿ. ಸಂಸದರನ್ನು ಕೇಳಿದರೆ ‘ಅದು ರಾಜ್ಯದ ಸಹಕಾರ ಇಲಾಖೆ’, ಶಾಸಕರನ್ನು ಕೇಳಿದರೆ ‘ಅದು ರಿಸರ್ವ್ ಬ್ಯಾಂಕ್’. ಬಹುರಾಜ್ಯ ಸಂಘವಾದರೆ ಇಬ್ಬರೂ ದೆಹಲಿಯ ಕೇಂದ್ರ ನಿಬಂಧಕರ ಕಡೆ ಕೈ ತೋರಿಸುತ್ತಾರೆ, ಅಲ್ಲಿ ಮಾತ್ರ ಅವರು ಹೇಳುವುದು ಸರಿ. ಕೊಡಗಿಗೆ ಇರುವವರು ಇಬ್ಬರು ಶಾಸಕರು, ಸಂಸದರಂತೂ ಮೈಸೂರಿನ ಜೊತೆ ಪಾಲು. ಹಾಗಾಗಿ ಕೇಳುವ ಮೊದಲೇ ನಿಮ್ಮ ಸಂಘ ಯಾವ ಕಾಯ್ದೆಯಲ್ಲಿ ನೋಂದಣಿಯಾಗಿದೆ ಎಂದು ತಿಳಿದುಕೊಳ್ಳಿ: 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯೋ, 1997ರ ಸೌಹಾರ್ದ ಕಾಯ್ದೆಯೋ, 2002ರ ಬಹುರಾಜ್ಯ ಕಾಯ್ದೆಯೋ. ಬಾಂಡಿನ ತಲೆಯಲ್ಲಿ ನೋಂದಣಿ ಸಂಖ್ಯೆಯ ಜೊತೆ ಇರಬೇಕು. ಇಲ್ಲದಿದ್ದರೆ ಅದೇ ಮೊದಲ ಅನುಮಾನ.

ಇನ್ನೊಂದು ಜಾರುಬಂಡೆ ‘ಕಾನೂನು ಇದೆಯಲ್ಲ, ಆಸ್ತಿ ಜಪ್ತಿ ಮಾಡಿಸ್ತೀವಿ’ ಎಂಬುದು. 2004ರ ಕರ್ನಾಟಕ ಠೇವಣಿದಾರರ ಹಿತರಕ್ಷಣಾ ಕಾಯ್ದೆಯಲ್ಲಿ ಜಪ್ತಿಯೂ ಇದೆ, ವಿಶೇಷ ನ್ಯಾಯಾಲಯವೂ ಇದೆ. ಆದರೆ ಇದು ವಿಮೆ ಅಲ್ಲ. ಮೊದಲು ಆಸ್ತಿ ಸಿಗಬೇಕು, ಅದು ಹರಾಜಾಗಬೇಕು, ಬಂದದ್ದನ್ನು ಎಲ್ಲರಿಗೂ ಪಾಲು ಹಾಕಬೇಕು. ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಎಂಬ ಅಂಕಿ ಕಾಯ್ದೆಯಲ್ಲಿಲ್ಲ. ‘ಪರಿಶೀಲನೆಯಲ್ಲಿದೆ’ ಎಂಬ ಮಾತೂ ಇದೇ ಜಾತಿಯದು. 2025ರ ಫೆಬ್ರವರಿಯಲ್ಲಿ ಮುಂಬೈನ ನ್ಯೂ ಇಂಡಿಯಾ ಸಹಕಾರ ಬ್ಯಾಂಕಿಗೆ ನಿರ್ಬಂಧ ಬಿದ್ದಾಗ, 5 ಲಕ್ಷದ ಮಿತಿ ಏರಿಸುವುದು ಪರಿಶೀಲನೆಯಲ್ಲಿದೆ ಎಂದು ಕೇಂದ್ರ ಹಣಕಾಸು ಸಚಿವಾಲಯದವರು ಹೇಳಿದ್ದರು. ಅಧಿಸೂಚನೆ ಕಣ್ಣಲ್ಲಿ ನೋಡುವ ತನಕ 5 ಲಕ್ಷವೇ ಎಂದು ಲೆಕ್ಕ ಹಾಕಿ. ಗಡಿಯಾಚೆ ಇರಿಟ್ಟಿ, ಮಾನಂದವಾಡಿಯ ನೆಂಟರು ‘ನಮ್ಮಲ್ಲಿ ಸಂಘಗಳಿಗೂ ಗ್ಯಾರಂಟಿ ಬೋರ್ಡ್ ಇದೆ’ ಎಂದರೆ ಅವರು ಹೇಳುವುದು ನಿಜ, ಆದರೆ ಆ ನಿಧಿ ಕೇರಳದ ಸಂಘಗಳಿಗೆ.

ಬ್ಯಾಂಕಿನಲ್ಲೇ ಇಟ್ಟವರೂ 5 ಲಕ್ಷದ ಲೆಕ್ಕ ತಪ್ಪುತ್ತಾರೆ. ಅಸಲು ಬಡ್ಡಿ ಎರಡೂ ಸೇರಿ 5 ಲಕ್ಷ, ಅಸಲು ಮಾತ್ರ ಅಲ್ಲ. ಮೂರು ತಿಂಗಳಿಗೊಮ್ಮೆ ಬಡ್ಡಿ ಅಸಲಿಗೆ ಸೇರುವ ಠೇವಣಿಯಲ್ಲಿ ಶೇ. 7.5ರಂತೆ 4,80,000 ಇಟ್ಟರೆ ಒಂದು ವರ್ಷಕ್ಕೆ ಸುಮಾರು 5,17,000 ಆಗುತ್ತದೆ, ಮೇಲಿನ 17,000ಕ್ಕೆ ವಿಮೆ ಇಲ್ಲ. ಅದೇ ದರದಲ್ಲಿ ಮೂರು ವರ್ಷಕ್ಕೆ ಇಡುವುದಾದರೆ 4 ಲಕ್ಷದಲ್ಲೇ ನಿಲ್ಲಿಸಿ. ಕೊನೆಗೆ ಸುಮಾರು 4,99,900 ಆಗುತ್ತದೆ, ಗೆರೆಯ ಒಳಗೇ ಉಳಿಯುತ್ತದೆ.

ಮಿತಿ ಒಬ್ಬರಿಗೆ ಒಂದು ಬ್ಯಾಂಕಿಗೆ. ವಿರಾಜಪೇಟೆ ಬ್ರಾಂಚಿನಲ್ಲಿ ನಾಲ್ಕು, ಮಡಿಕೇರಿ ಬ್ರಾಂಚಿನಲ್ಲಿ ನಾಲ್ಕು ಲಕ್ಷ ಇಟ್ಟರೂ ವಿಮೆ ಐದಕ್ಕೇ. ಸಿಂಡಿಕೇಟ್‌ನಲ್ಲಿ ಸ್ವಲ್ಪ, ಕೆನರಾದಲ್ಲಿ ಸ್ವಲ್ಪ ಎಂದು ಹಂಚಿಟ್ಟಿದ್ದವರಿಗೆ 2020ರ ಏಪ್ರಿಲ್‌ನಿಂದ ಅದು ಒಂದೇ ಬ್ಯಾಂಕ್. ಒಕ್ಕದ (ಮನೆತನದ) ಹಣವನ್ನು ಅದರ ಹಿರಿಯರಾದ ಪಟ್ಟೆದಾರರೂ ಇನ್ನಿಬ್ಬರೂ ಸೇರಿ ಜಂಟಿ ಖಾತೆಯಲ್ಲಿ ಇಡುವುದು ನಮ್ಮಲ್ಲಿ ರೂಢಿ. ಮೂರು ಹೆಸರಿದ್ದರೂ ಆ ಖಾತೆಗೆ ಒಟ್ಟು 5 ಲಕ್ಷ, ಮೂರರಿಂದ ಗುಣಿಸುವ ಹಾಗಿಲ್ಲ. ಆ ಮೂವರ ಸ್ವಂತ ಖಾತೆಗಳ ವಿಮೆ ಮಾತ್ರ ಬೇರೆಯಾಗಿಯೇ ಇರುತ್ತದೆ. ಅದೇ ಬ್ಯಾಂಕಿನಲ್ಲಿ ಬೆಳೆ ಸಾಲ ಬಾಕಿ ಇದ್ದರೆ ಅದನ್ನು ಕಳೆದು ಉಳಿದದ್ದಕ್ಕಷ್ಟೇ ವಿಮೆ.

ಬ್ಯಾಂಕಿಗೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ ಹಣ ತೆಗೆಯದಂತೆ ಮಾಡಿದರೆ, 2021ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ 90 ದಿನದೊಳಗೆ ವಿಮೆ ಹಣ ಬರಬೇಕು. ಮೊದಲ 45 ದಿನದಲ್ಲಿ ಬ್ಯಾಂಕ್ ಠೇವಣಿದಾರರ ಪಟ್ಟಿ ಕಳಿಸಬೇಕು, ಮುಂದಿನ 30 ದಿನ ನಿಗಮದ ತಪಾಸಣೆ, ಉಳಿದ 15 ದಿನದಲ್ಲಿ ಪಾವತಿ. ಜನ ಎಡವುವುದು ಮೊದಲ 45 ದಿನದಲ್ಲೇ. ಬ್ಯಾಂಕಿಗೆ ಹೋಗಿ ಸಮ್ಮತಿ ಪತ್ರ, ಗುರುತಿನ ದಾಖಲೆ, ಬೇರೆ ಬ್ಯಾಂಕಿನ ಖಾತೆ ಸಂಖ್ಯೆ ಕೊಡದವರಿಗೆ ಹಣ ತಡವಾಗುತ್ತದೆ. ‘ಮಾಡಿಸಿಕೊಡ್ತೀನಿ’ ಎಂದು ಕಮಿಷನ್ ಕೇಳುವ ಪುಢಾರಿಯ ಅಗತ್ಯ ಇಲ್ಲಿ ಎಲ್ಲೂ ಇಲ್ಲ. ಬಾಂಡ್, ಪಾಸ್‌ಬುಕ್‌ಗಳ ಎರಡೂ ಬದಿಯ ಫೋಟೊ ತೆಗೆದು ಊರಾಚೆ ಇರುವ ಮಕ್ಕಳಿಗೆ ಕಳಿಸಿಡಿ. 2018ರ ಆಗಸ್ಟ್‌ನ ಮಳೆ, ಭೂಕುಸಿತ ನೋಡಿದವರಿಗೆ ಯಾಕೆ ಎಂದು ಬಿಡಿಸಿ ಹೇಳಬೇಕಿಲ್ಲ.

ಸಭೆಯಲ್ಲಿ ಬಾಯಿಮಾತಿನಲ್ಲಿ ಕೇಳಿದರೆ ಬಾಯಿಮಾತಿನ ಉತ್ತರವೇ ಬರುತ್ತದೆ. ಆದ್ದರಿಂದ ಪತ್ರ ಬರೆದು ಶಾಸಕರ ಕಚೇರಿಗೆ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ‘ನೀವೇನು ಮಾಡುತ್ತೀರಿ’ ಎಂದು ಬರೆಯಬೇಡಿ, ಅದಕ್ಕೆ ಭಾಷಣವೇ ಉತ್ತರ. ಹೀಗೆ ಬರೆಯಿರಿ: ಈ ನೋಂದಣಿ ಸಂಖ್ಯೆಯ ಸಂಘದ ಠೇವಣಿಗೆ ರಾಜ್ಯ ಸರ್ಕಾರದ ಖಾತರಿ ಇದೆಯೇ, ಇದ್ದರೆ ಆದೇಶ ಸಂಖ್ಯೆ ಮತ್ತು ದಿನಾಂಕ ಏನು, ಒಬ್ಬರಿಗೆ ಎಷ್ಟು ರೂಪಾಯಿ, ಕೊಡುವವರು ಯಾರು, ಎಷ್ಟು ದಿನದೊಳಗೆ. ಇದನ್ನೇ ವಿಧಾನಸಭೆಯಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆಯಾಗಿ ಹಾಕಿ ಎಂದು ಕೇಳಿ. ಅದಕ್ಕೆ ಸಚಿವರ ಉತ್ತರ ಲಿಖಿತವಾಗಿ ಬರುತ್ತದೆ.

ಜೊತೆಗೇ ಜಿಲ್ಲೆಯ ಸಹಕಾರ ಸಂಘಗಳ ಉಪ ನಿಬಂಧಕರ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉದ್ದ ಬರೆದರೆ ವಾಪಸ್ ಕಳಿಸಲು ಅದೇ ನೆಪ. ಸಂಘಕ್ಕೇ ಅರ್ಜಿ ಹಾಕಿದರೆ ‘ನಾವು ಸಾರ್ವಜನಿಕ ಪ್ರಾಧಿಕಾರ ಅಲ್ಲ’ ಎನ್ನುತ್ತಾರೆ, 2013ರ ಸುಪ್ರೀಂ ಕೋರ್ಟ್ ತೀರ್ಪು ಅವರ ಕಡೆಗಿದೆ. ನಿಬಂಧಕರು ಹಾಗೆ ಹೇಳುವಂತಿಲ್ಲ. ಅವರಿಂದ ಕೇಳಬೇಕಾದದ್ದು ಕಳೆದ ಮೂರು ವರ್ಷದ ಆಡಿಟ್ ವರದಿಯ ನಕಲು, ಆಡಿಟ್ ವರ್ಗ, ಅವಧಿ ಮೀರಿದ ಸಾಲದ ಮೊತ್ತ, 1959ರ ಕಾಯ್ದೆಯ 64ನೇ ಕಲಮಿನ ವಿಚಾರಣೆಗೆ ಆದೇಶ ಆಗಿದೆಯೇ ಎಂಬುದು. ನಿಮ್ಮನ್ನು ‘ನಾಮಮಾತ್ರ ಸದಸ್ಯ’ ಎಂದು ಸೇರಿಸಿಕೊಂಡಿದ್ದರೆ ಮಹಾಸಭೆಯಲ್ಲಿ ಮತ ಇಲ್ಲ. ಷೇರು ರಸೀದಿ ತೆಗೆದು ಅದನ್ನೂ ನೋಡಿಕೊಳ್ಳಿ.

ಬಾಂಡಿನ ಅವಧಿ ಮುಗಿದ ದಿನ ಕೌಂಟರಿನಲ್ಲಿ ‘ಸ್ವಲ್ಪ ದಿನ ಬಿಟ್ಟು ಬನ್ನಿ’ ಎಂದರೆ ಜಗಳ ಬೇಡ. ಬಾಂಡ್ ಸಂಖ್ಯೆ, ಅವಧಿ ಮುಗಿದ ದಿನಾಂಕ, ಬರಬೇಕಾದ ಮೊತ್ತ, ಮೂರನ್ನೂ ಬರೆದು ‘ಹಣ ಮರಳಿಸಿ’ ಎಂಬ ಒಂದು ಸಾಲಿನ ಅರ್ಜಿ ಕೊಟ್ಟು, ಇನ್ನೊಂದು ಪ್ರತಿಗೆ ಸಂಘದ ಸೀಲು, ಸಹಿ, ದಿನಾಂಕ ಹಾಕಿಸಿ. ಸೀಲು ಹಾಕದಿದ್ದರೆ ಅದೇ ಸಂಜೆ ಪೋಸ್ಟ್ ಆಫೀಸಿನಿಂದ ಸ್ಪೀಡ್ ಪೋಸ್ಟ್‌ನಲ್ಲಿ, ರಿಜಿಸ್ಟ್ರೇಷನ್ ಮತ್ತು ತಲುಪಿದ್ದಕ್ಕೆ ಸ್ವೀಕೃತಿ ಕೇಳಿ ಕಳಿಸಿ. 1959ರ ಕಾಯ್ದೆಯ 70ನೇ ಕಲಮಿನಲ್ಲಿ ದಾವೆ ಹೂಡುವ ದಿನ ಬಂದರೆ ವಕೀಲರು ಮೊದಲು ಕೇಳುವುದು ಆ ಪ್ರತಿಯನ್ನೇ. ಮೂಲ ಬಾಂಡನ್ನು ಮಾತ್ರ, ‘ನವೀಕರಣಕ್ಕೆ ಬೇಕು, ನಾಳೆ ಕೊಡ್ತೀವಿ’ ಎಂದು ಯಾರೇ ಕೇಳಲಿ, ಕೌಂಟರಿನ ಆಚೆಗೆ ಬಿಡಬೇಡಿ.